ನೆರಳಾಗಿ ಉಳಿದ ಹೆಸರು

ಸವಣೂರು ತಾಲ್ಲೂಕಿನ ಹತ್ತಿಮತ್ತೂರಿನ ಹೊಲಗಳಲ್ಲಿ ಸುಗ್ಗಿಯ ದಿನಗಳ ಕೆಲಸ ಮುಗಿಯುವಾಗ ಹೊತ್ತು ಮುಳುಗಿರುತ್ತದೆ. ಪಡುವಣ ಬಾನು ಕೆಂಪೇರಿ ನಿಂತಿರುವ ಆ ವೇಳೆಯಲ್ಲಿ ಊರಿನತ್ತ ಮರಳುವ ಚಕ್ಕಡಿಯೊಂದನ್ನು ದೂರದಿಂದ ನೋಡಬೇಕು. ಎತ್ತುಗಳ ಬಣ್ಣ ತಿಳಿಯುವುದಿಲ್ಲ. ಮೂಕಿಯ ಮೇಲೆ ಕುಳಿತ ರೈತನ ಮುಖ ಕಾಣುವುದಿಲ್ಲ. ಅವನು ಸುತ್ತಿದ ರುಮಾಲು ಬಿಳಿಯದೋ ಕೆಂಪಿನದೋ ಹೇಳಲಾಗುವುದಿಲ್ಲ. ಕಾಣುವುದು ಕೊಂಬು, ಹಿಣಿಲು, ನೊಗ, ಗಾಲಿ, ಬಾರುಕೋಲುಗಳ ಕಪ್ಪು ಆಕಾರ ಮಾತ್ರ. ಆದರೂ ಅಗಸಿಯ ಕಟ್ಟೆಯ ಮೇಲೆ ಕುಳಿತ ಹಿರಿಯರು ಕೊಂಬಿನ ಬಾಗನ್ನು ನೋಡಿಯೇ ಅದು ಯಾರ ಮನೆಯ ಜೋಡಿಯೆಂದು ಹೇಳಿಬಿಡುತ್ತಾರೆ. ಒಳಗಿನ ವಿವರಗಳೆಲ್ಲ ಅಳಿದುಹೋಗಿ ಹೊರಗೆರೆಯೊಂದೇ ಉಳಿದಿರುವ ಇಂಥ ಕಪ್ಪು ಚಿತ್ರಕ್ಕೆ ಜಗತ್ತಿನ ಅನೇಕ ಭಾಷೆಗಳಲ್ಲಿ 'ಸಿಲೂಯೆಟ್' ಎಂದು ಹೆಸರು. ಈ ಪದ ಚಿತ್ರಕಲೆಯ ಶಾಲೆಯಲ್ಲಿ ಹುಟ್ಟಿದ್ದಲ್ಲ. ಅದು ಒಬ್ಬ ಮನುಷ್ಯನ ಹೆಸರು. ಆ ಮನುಷ್ಯನು ಚಿತ್ರಕಾರನಾಗಿರಲಿಲ್ಲ. ಒಂದು ದೊಡ್ಡ ರಾಜ್ಯದ ಬೊಕ್ಕಸವನ್ನು ಎಂಟು ತಿಂಗಳುಗಳ ಕಾಲ ನೋಡಿಕೊಂಡು, ಜನರಿಂದ ಹಾಸ್ಯಕ್ಕೊಳಗಾಗಿ, ಅಧಿಕಾರ ಕಳೆದುಕೊಂಡ ಮಂತ್ರಿಯಾಗಿದ್ದನು.

ವ್ಯಕ್ತಿಯ ಹೆಸರು ಭಾಷೆಯೊಳಗೆ ಕರಗಿ ಸಾಮಾನ್ಯ ಪದವಾಗುವುದು ಕನ್ನಡಿಗರಿಗೆ ಹೊಸತಲ್ಲ. ದೊಡ್ಡ ಸಾಹಸವನ್ನು ಭಗೀರಥ ಪ್ರಯತ್ನವೆನ್ನುತ್ತೇವೆ. ಎಬ್ಬಿಸಿದರೂ ಏಳದವನದು ಕುಂಭಕರ್ಣ ನಿದ್ರೆ. ಇವು ಪುರಾಣದ ಹೆಸರುಗಳು. ಇತಿಹಾಸದ ಹೆಸರುಗಳಿಗೆ ಈ ಭಾಗ್ಯ ಅಪರೂಪ. ಬಂದರೂ ಅದು ಬಹುಮಟ್ಟಿಗೆ ದುರ್ಭಾಗ್ಯವೇ ಆಗಿರುತ್ತದೆ. ಹದಿನಾಲ್ಕನೆಯ ಶತಮಾನದಲ್ಲಿ ರಾಜಧಾನಿಯನ್ನು ದೇವಗಿರಿಗೆ ಸಾಗಿಸಿದ, ಬೆಳ್ಳಿಗೆ ಬದಲಾಗಿ ಕೀಳು ಲೋಹದ ನಾಣ್ಯಗಳನ್ನು ಚಲಾವಣೆಗೆ ತಂದ ಮುಹಮ್ಮದ್ ಬಿನ್ ತುಘಲಕನು ವಿದ್ವಾಂಸನೂ ಹೌದು, ಹೊಸ ವಿಚಾರಗಳ ಧೀರನೂ ಹೌದು. ಇಂದು ಆಡುಮಾತಿನಲ್ಲಿ ಅವನ ಹೆಸರಿನ ದರ್ಬಾರೆಂದರೆ ತಲೆಬುಡವಿಲ್ಲದ ಆಡಳಿತವೆಂದೇ ಅರ್ಥ. ಫ್ರಾನ್ಸಿನ ಎತಿಯೆನ್ ದ ಸಿಲೂಯೆಟ್ಟನ ಕಥೆಯೂ ಇದೇ ಜಾತಿಯದು. ವ್ಯತ್ಯಾಸವಿಷ್ಟೇ: ತುಘಲಕನ ಹೆಸರಿಗೆ ಅಂಟಿದ ಅಪಹಾಸ್ಯ ಇನ್ನೂ ಬಿಟ್ಟಿಲ್ಲ, ಸಿಲೂಯೆಟ್ಟನ ಹೆಸರಿನಿಂದ ಅದು ಎಂದೋ ಕಳಚಿ ಬಿದ್ದಿದೆ.

ಎತಿಯೆನ್ ದ ಸಿಲೂಯೆಟ್ 1709ರ ಜುಲೈ 5ರಂದು ಫ್ರಾನ್ಸಿನ ಲಿಮೋಜ್ ಪಟ್ಟಣದಲ್ಲಿ ಜನಿಸಿದನು. ತಂದೆ ಅಲ್ಲಿ ಅರಸನ ಕರವಸೂಲಿಯ ಅಧಿಕಾರಿ. ಮನೆತನದ ಮೂಲ ಮಾತ್ರ ಇನ್ನೂ ದಕ್ಷಿಣಕ್ಕೆ, ಸ್ಪೇನಿನ ಗಡಿಯ ಸಮೀಪದ ಬಿಯಾರಿಟ್ಸ್ ಸೀಮೆಯಲ್ಲಿ. ಅದು ಬಾಸ್ಕ್ ಭಾಷೆಯನ್ನಾಡುವ ಜನರ ನೆಲ. ಸುತ್ತಲಿನ ಯಾವ ಭಾಷೆಗೂ ನಂಟಿಲ್ಲದ ಆ ಪ್ರಾಚೀನ ನುಡಿಯಲ್ಲಿ 'ಜಿಲೋ' ಅಥವಾ 'ಜುಲೋ' ಎಂದರೆ ಗುಳಿ. ಅದಕ್ಕೆ ಸ್ಥಳವನ್ನು ಸೂಚಿಸುವ 'ಎತಾ' ಪ್ರತ್ಯಯ ಸೇರಿದರೆ ಗುಳಿಗಳಿರುವ ಎಡೆ ಎಂದಾಗುತ್ತದೆ. ಫ್ರೆಂಚರ ಬಾಯಲ್ಲಿ ಅದು ಸಿಲೂಯೆಟ್ ಆಯಿತು. ಧಾರವಾಡ, ಹಾವೇರಿಗಳ ಕಡೆ ಊರಿನ ಹೆಸರೇ ಮನೆತನದ ಅಡ್ಡಹೆಸರಾಗುವುದುಂಟಷ್ಟೆ: ಹತ್ತಿಮತ್ತೂರಿನಿಂದ ಬೇರೆಡೆಗೆ ಹೋಗಿ ನೆಲೆಸಿದವನು ಹತ್ತಿಮತ್ತೂರ ಎನಿಸಿಕೊಳ್ಳುತ್ತಾನೆ, ಸವಣೂರಿನವನು ಸವಣೂರ. ಬಾಸ್ಕ್ ಜನರ ಪದ್ಧತಿಯೂ ಅಂಥದೇ. ನೆರಳಿಗೂ ಚಿತ್ರಕ್ಕೂ ಸಂಬಂಧವಿಲ್ಲದ ನೆಲದ ಗುಳಿಯೊಂದು ಹೀಗೆ ಕಪ್ಪು ಚಿತ್ರದ ಹೆಸರಿನೊಳಗೆ ಅಡಗಿ ಕುಳಿತಿದೆ.

ಬಾಲ್ಯದಿಂದಲೂ ಎತಿಯೆನ್ ಓದಿನಲ್ಲಿ ಆಸಕ್ತನಾಗಿದ್ದನು. ಇಪ್ಪತ್ತು ವರ್ಷ ತುಂಬುವ ಹೊತ್ತಿಗೆ ಕನ್ಫ್ಯೂಷಿಯಸನ ಗ್ರಂಥಗಳನ್ನು ಆಧರಿಸಿ ಚೀನದ ರಾಜ್ಯನೀತಿ ಮತ್ತು ಧರ್ಮನೀತಿಗಳನ್ನು ಕುರಿತು ಪುಸ್ತಕವೊಂದನ್ನು ಹೊರತಂದನು. ತರುವಾಯ ಇಟಲಿ, ಸ್ಪೇನ್, ಪೋರ್ಚುಗಲ್ ದೇಶಗಳನ್ನು ಸುತ್ತಿದನು. ಇಂಗ್ಲೆಂಡಿನಲ್ಲಿದ್ದಾಗ ಆ ರಾಜ್ಯವು ಸಾಲ ಎತ್ತುವ ಬಗೆ, ತೆರಿಗೆ ಹಾಕುವ ಬಗೆ, ಲೆಕ್ಕ ಇಡುವ ಬಗೆಗಳನ್ನು ಶ್ರದ್ಧೆಯಿಂದ ಅಭ್ಯಾಸ ಮಾಡಿದನು. ಇಂಗ್ಲಿಷ್ ಕವಿ ಅಲೆಗ್ಸಾಂಡರ್ ಪೋಪನು ಮಾನವನನ್ನು ಕುರಿತು ಬರೆದ ಪ್ರಸಿದ್ಧ ಕಾವ್ಯ ಸಿಲೂಯೆಟ್ಟನ ಅನುವಾದದಲ್ಲಿ 1736ರಲ್ಲಿ ಫ್ರೆಂಚ್ ಓದುಗರ ಕೈಸೇರಿತು. ಸ್ಪೇನಿನ ಗ್ರಾಸಿಯನ್, ಇಂಗ್ಲೆಂಡಿನ ವಾರ್ಬರ್ಟನ್ ಮೊದಲಾದವರ ಕೃತಿಗಳನ್ನೂ ಆತನು ಭಾಷಾಂತರಿಸಿದನು. ವೈರಿ ದೇಶದಿಂದ ಕಲಿಯತಕ್ಕದ್ದು ಇದೆಯೆಂದು ನಂಬಿದವರು ಅಂದಿನ ಫ್ರಾನ್ಸಿನಲ್ಲಿ ಬಹಳ ಮಂದಿ ಇರಲಿಲ್ಲ. ಇದ್ದವರನ್ನು ಅರಮನೆಯವರು ಅನುಮಾನದಿಂದಲೇ ನೋಡುತ್ತಿದ್ದರು.

ಪಾಂಡಿತ್ಯ ಆತನಿಗೆ ಸರಕಾರದ ಕೆಲಸಗಳ ದಾರಿ ತೆರೆಯಿತು. ಅರಸನ ಸಮೀಪಬಂಧುವಾದ ಆರ್ಲಿಯನ್ಸ್ ಪ್ರಭುವಿನ ಬಳಿ ಉನ್ನತ ಹುದ್ದೆ ದೊರೆಯಿತು. ಉತ್ತರ ಅಮೆರಿಕದಲ್ಲಿ ಇಂಗ್ಲಿಷರ ನೆಲ ಎಲ್ಲಿಗೆ ಮುಗಿಯುತ್ತದೆ, ಫ್ರೆಂಚರದು ಎಲ್ಲಿಂದ ತೊಡಗುತ್ತದೆ ಎಂಬುದನ್ನು ನಿರ್ಣಯಿಸಲು ನೇಮಕವಾದ ಆಯೋಗದಲ್ಲಿ ಫ್ರಾನ್ಸಿನ ಪರವಾಗಿ ಕುಳಿತನು. ಅದೇ ಕಾಲದಲ್ಲಿ ಭಾರತದೊಡನೆ ವ್ಯಾಪಾರ ನಡೆಸುತ್ತಿದ್ದ ಫ್ರೆಂಚ್ ಈಸ್ಟ್ ಇಂಡಿಯಾ ಕಂಪನಿಯ ಮೇಲೆ ಕಣ್ಣಿಡಲು ಅರಸನು ನೇಮಿಸಿದ ಪ್ರತಿನಿಧಿಯೂ ಆಗಿ ಕೆಲಸ ಮಾಡಿದನು. ಭಾರತವನ್ನು ಕಾಣದ ಈ ಮನುಷ್ಯನ ಬದುಕಿನ ದಾರಿ ಕರ್ನಾಟಕದ ಇತಿಹಾಸದ ಸಮೀಪ ಬರುವುದು ಇಲ್ಲಿ.

ಪಾಂಡಿಚೇರಿಯ ಗವರ್ನರನಾಗಿದ್ದ ಡೂಪ್ಲೆಯು ದಕ್ಷಿಣ ಭಾರತದ ನವಾಬರ, ನಿಜಾಮರ ಜಗಳಗಳಲ್ಲಿ ಕೈಯಾಡಿಸಿ ಫ್ರೆಂಚ್ ಪ್ರಭುತ್ವವನ್ನು ಕಟ್ಟಲು ಹೊರಟಿದ್ದನು. ಪ್ಯಾರಿಸಿನಲ್ಲಿ ಲೆಕ್ಕದ ಪುಸ್ತಕ ಹಿಡಿದು ಕುಳಿತ ಕಂಪನಿಯವರಿಗೆ ಕಾಣುತ್ತಿದ್ದುದು ಪ್ರಭುತ್ವವಲ್ಲ, ಖರ್ಚು. ಅವರಿಗೆ ಬೇಕಾದುದು ವ್ಯಾಪಾರವೇ ಹೊರತು ರಾಜ್ಯವಲ್ಲ. ಕೊನೆಗೆ 1754ರಲ್ಲಿ ಡೂಪ್ಲೆಯನ್ನು ಹಿಂದಕ್ಕೆ ಕರೆಸಿಕೊಳ್ಳಲಾಯಿತು. ಆದರೆ ಅವನು ನೆಟ್ಟ ಸೇನಾನಿ ಬುಸ್ಸಿ ಹೈದರಾಬಾದಿನಲ್ಲಿಯೇ ಉಳಿದನು. 1756ರಲ್ಲಿ ಪೇಶ್ವೆ ಬಾಳಾಜಿ ಬಾಜೀರಾಯನೂ ನಿಜಾಮ ಸಲಾಬತ್ ಜಂಗನೂ ಕೂಡಿ ಸವಣೂರಿನ ಮೇಲೆ ಏರಿ ಬಂದರು. ಪೇಶ್ವೆಯ ಸೇವೆಯನ್ನು ತೊರೆದು ಬಂದ ಮುಜಫರಖಾನನೆಂಬ ಫಿರಂಗಿ ಪಡೆಯ ನಾಯಕನಿಗೆ ಸವಣೂರಿನ ನವಾಬ ಅಬ್ದುಲ್ ಹಕೀಮಖಾನನು ಆಶ್ರಯವಿತ್ತುದು ಆ ದಂಡಯಾತ್ರೆಗೆ ಒಂದು ಕಾರಣ. ನಿಜಾಮನ ಕಡೆಯಿಂದ ಬಂದ ಸೈನ್ಯದಲ್ಲಿ ಬುಸ್ಸಿಯ ಫ್ರೆಂಚ್ ಪಡೆಯೂ ಅದರ ತೋಪುಗಳೂ ಇದ್ದವು. ನವಾಬನು ಸಂಧಿಗೆ ಒಪ್ಪಬೇಕಾಯಿತು. ಹತ್ತಿಮತ್ತೂರಿನ ನೆರೆಯ ಈ ಕೋಟೆಯ ಮುಂದೆ ಸುಟ್ಟ ಮದ್ದಿನ ಹಣ ಯಾರ ಚೀಲದಿಂದ ಬಂದಿದ್ದರೂ, ದೂರದ ಖಂಡಗಳಲ್ಲಿ ಇಂಥ ಪಡೆಗಳನ್ನು ಸಾಕುತ್ತ ಬಂದ ಫ್ರಾನ್ಸಿನ ಸಾಮರ್ಥ್ಯವೇ ಅಷ್ಟರಲ್ಲಿ ಬತ್ತತೊಡಗಿತ್ತು.

ಅದೇ ವರ್ಷ ಯೂರೋಪಿನಲ್ಲಿ ಏಳು ವರ್ಷಗಳ ಯುದ್ಧ ಆರಂಭವಾಯಿತು. ಜರ್ಮನಿಯ ಬಯಲುಗಳಲ್ಲಿ, ಅಮೆರಿಕದ ಕಾಡುಗಳಲ್ಲಿ, ತಮಿಳುನಾಡಿನ ತೀರದಲ್ಲಿ, ಸಮುದ್ರದ ಮೇಲೆ, ಹೀಗೆ ಎಲ್ಲ ಕಡೆಗೂ ಹಣ ಹರಿಯಬೇಕಾಗಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಮಾತು ಹದಿನೈದನೆಯ ಲೂಯಿಯ ಆಸ್ಥಾನದಲ್ಲಿ ಯಾರಿಗೂ ರುಚಿಸುತ್ತಿರಲಿಲ್ಲ. ಹಣಕಾಸಿನ ಮಹಾನಿಯಂತ್ರಕರು ಒಬ್ಬರಾದ ಮೇಲೊಬ್ಬರು ಬಂದು ಹೋಗುತ್ತಿದ್ದರು. ಅರಸನ ಪ್ರೀತಿಗೆ ಪಾತ್ರಳಾದ ಮದಾಂ ದ ಪೊಂಪಡೂರಳ ಬೆಂಬಲದಿಂದ 1759ರ ಮಾರ್ಚ್ 4ರಂದು ಆ ಮುಳ್ಳಿನ ಪೀಠ ಸಿಲೂಯೆಟ್ಟನಿಗೆ ಬಂದಿತು. ಆಗ ಆತನಿಗೆ ನಲವತ್ತೊಂಬತ್ತು ವರ್ಷ.

ಆತನ ಮುಂದಿದ್ದ ಕಷ್ಟವನ್ನು ತಿಳಿಯಲು ಅಂದಿನ ಫ್ರಾನ್ಸಿನ ತೆರಿಗೆಯ ಕ್ರಮವನ್ನು ಸ್ವಲ್ಪ ನೋಡಬೇಕು. ಭೂಮಿಯ ದೊಡ್ಡ ಪಾಲಿನ ಒಡೆಯರಾದ ಸರದಾರರೂ ಚರ್ಚಿನ ಗುರುಗಳೂ ಮುಖ್ಯ ತೆರಿಗೆಗಳಿಂದ ಮುಕ್ತರಾಗಿದ್ದರು. ಭಾರವೆಲ್ಲ ರೈತನ ಹೆಗಲಿನದು. ಅವನು ತಿನ್ನುವ ಉಪ್ಪಿಗೂ ಕರವಿತ್ತು. (ಉಪ್ಪಿನ ಕರವೆಂದರೇನೆಂಬುದು ಹಾವೇರಿಯ ಸೀಮೆಗೆ ತಿಳಿಯದ ಸಂಗತಿಯಲ್ಲ; ಗಾಂಧೀಜಿಯವರ ಸಂಗಡ 1930ರಲ್ಲಿ ದಂಡಿಗೆ ನಡೆದವರಲ್ಲಿ ಮೋಟೆಬೆನ್ನೂರಿನ ಮೈಲಾರ ಮಹಾದೇವರೂ ಇದ್ದರು.) ಈ ಉಪ್ಪು, ಹೊಗೆಸೊಪ್ಪು, ಸುಂಕಗಳ ವಸೂಲಿಯನ್ನು ಸರಕಾರವೇ ಮಾಡುತ್ತಿರಲಿಲ್ಲ. ಇಜಾರೆದಾರರ ಒಂದು ಕೂಟಕ್ಕೆ ಅದನ್ನು ಗುತ್ತಿಗೆ ಕೊಡುತ್ತಿತ್ತು. ಇಜಾರೆದಾರರು ಅರಸನಿಗೆ ಗೊತ್ತಾದ ಮೊತ್ತವನ್ನು ಮುಂಗಡವಾಗಿ ಕೊಟ್ಟು, ಜನರಿಂದ ಅದಕ್ಕಿಂತ ಎಷ್ಟೋ ಹೆಚ್ಚಿನದನ್ನು ಹಿಂಡಿ ಕುಬೇರರಾಗುತ್ತಿದ್ದರು. ಬೊಕ್ಕಸ ಬರಿದಾದಾಗ ಅರಸನು ಸಾಲ ಕೇಳುತ್ತಿದ್ದುದೂ ಅವರಲ್ಲಿಯೇ.

ಸಿಲೂಯೆಟ್ಟನು ಮೊದಲು ಕೈಯಿಟ್ಟದ್ದು ಈ ಹುತ್ತಕ್ಕೆ. ಇಜಾರೆಯಿಂದ ಬರುವ ಲಾಭದಲ್ಲಿ ಅರ್ಧವನ್ನು ಬೇರ್ಪಡಿಸಿ, ಅದರ ಮೇಲೆ ಒಂದೊಂದು ಸಾವಿರ ಲಿವ್ರ್ ಬೆಲೆಯ 72,000 ಷೇರುಗಳನ್ನು ಹೊರಡಿಸಿ ಸಾರ್ವಜನಿಕರಿಗೆ ಮಾರಿದನು. ಲಿವ್ರ್ ಎಂಬುದು ಅಂದಿನ ಫ್ರೆಂಚ್ ನಾಣ್ಯದ ಲೆಕ್ಕ. ಬೆರಳೆಣಿಕೆಯ ಇಜಾರೆದಾರರು ಉಣ್ಣುತ್ತಿದ್ದ ಎಲೆಯಲ್ಲಿ ಇದರಿಂದ ಇತರರಿಗೂ ತುತ್ತು ಸಿಕ್ಕಿತು; ಹೊಸ ತೆರಿಗೆಯೊಂದನ್ನೂ ಹಾಕದೆ 7 ಕೋಟಿ 20 ಲಕ್ಷ ಲಿವ್ರುಗಳ ಮಾರ್ಗ ಸರಕಾರಕ್ಕೆ ತೆರೆಯಿತು. ಅರಮನೆಯಿಂದ ಹಂಚಿಹೋಗುತ್ತಿದ್ದ ನಿವೃತ್ತಿವೇತನ, ಉಂಬಳಿಗಳನ್ನೂ ಆತನು ಕಡಿತಗೊಳಿಸಿದನು. ಪ್ಯಾರಿಸ್ ನಗರ ಹೊಗಳಿತು. ಆ ಯುಗದ ದೊಡ್ಡ ಲೇಖಕ ವಾಲ್ಟೇರನು ಹೊಸ ಮಂತ್ರಿಯನ್ನು ಮನಸಾರೆ ಮೆಚ್ಚಿಕೊಂಡನು. ವಸಂತದಲ್ಲಿ ಆರಂಭವಾದ ಈ ಕೀರ್ತಿ ಬೇಸಗೆ ಕಳೆಯುವವರೆಗೆ ಬಾಳಿತು.

ಯುದ್ಧ ಮಾತ್ರ ಯಾರ ಉಳಿತಾಯಕ್ಕೂ ಕಾಯಲಿಲ್ಲ. ಆಗಸ್ಟಿನಲ್ಲಿ ಮಿಂಡೆನ್ನಿನಲ್ಲಿ ಸೋಲು, ಸೆಪ್ಟೆಂಬರಿನಲ್ಲಿ ಅಮೆರಿಕದ ಕ್ವಿಬೆಕ್ ವೈರಿಯ ವಶ. ಹಳೆಯ ತೆರಿಗೆಗಳಿಂದ ಇನ್ನು ಏನೂ ಹುಟ್ಟುವಂತಿರಲಿಲ್ಲ. ಆಗ ಸಿಲೂಯೆಟ್ಟನು ಉಳ್ಳವರ ಕಡೆಗೆ ತಿರುಗಿದನು. ಸಾರ್ವತ್ರಿಕ ನೆರವು ಎಂಬ ಅರ್ಥದ ಹೆಸರಿನಲ್ಲಿ ಒಂದು ತೆರಿಗೆಯ ಕಟ್ಟನ್ನು ರಚಿಸಿದನು. ಮನುಷ್ಯನ ನಿಜವಾದ ಆದಾಯವನ್ನು ಅವನ ಬಾಯಿಂದ ಕೇಳಿ ತಿಳಿಯುವುದು ಆಗದ ಮಾತು. ಆದ್ದರಿಂದ ಅವನ ವೈಭವದ ಹೊರಗುರುತುಗಳನ್ನೇ ಎಣಿಸಬೇಕೆಂದು ಆತನ ಯೋಚನೆ. ಮನೆಯಲ್ಲಿ ಸೇವಕರೆಷ್ಟು, ಲಾಯದಲ್ಲಿ ಕುದುರೆಗಳೆಷ್ಟು, ಸಾರೋಟುಗಳೆಷ್ಟು ಎಂಬುದರ ಮೇಲೆ ಕರ. ಸರದಾರನಿಗೂ ವಿನಾಯಿತಿಯಿಲ್ಲ. ನಗರಗಳ ನ್ಯಾಯಸಭೆಗಳು ಇದನ್ನು ಒಪ್ಪದೆ ಅಡ್ಡ ನಿಂತವು. ಸೆಪ್ಟೆಂಬರಿನಲ್ಲಿ ಅರಸನೇ ಪೀಠದಲ್ಲಿ ಕುಳಿತು ಬಲವಂತದಿಂದ ದಾಖಲೆ ಮಾಡಿಸಬೇಕಾಯಿತು. ದಾಖಲೆಯೇನೋ ಆಯಿತು, ಹಣ ಬರಲಿಲ್ಲ.

ಅಕ್ಟೋಬರಿನಲ್ಲಿ ನಡೆದ ಒಂದು ಸಂಗತಿಯನ್ನು ಇಲ್ಲಿ ನೆನೆಯಬೇಕು. ತಮಿಳುನಾಡಿನ ವಂದವಾಸಿಯಲ್ಲಿ ಬೀಡುಬಿಟ್ಟಿದ್ದ ಫ್ರೆಂಚ್ ಸೈನಿಕರು ತಿಂಗಳುಗಟ್ಟಲೆ ಸಂಬಳವಿಲ್ಲದೆ ಬೇಸತ್ತು ತಮ್ಮ ಅಧಿಕಾರಿಗಳ ವಿರುದ್ಧವೇ ದಂಗೆಯೆದ್ದರು. ಸೇನಾಪತಿ ಲಾಲಿಯು ಹೇಗೋ ಹಣ ಹೊಂದಿಸಿ ಅವರನ್ನು ಸಮಾಧಾನಪಡಿಸಿದನು. ಮೂರು ತಿಂಗಳು ಕಳೆದ ಮೇಲೆ, 1760ರ ಜನವರಿಯಲ್ಲಿ, ಅದೇ ವಂದವಾಸಿಯ ಬಯಲಿನಲ್ಲಿ ಭಾರತದ ಫ್ರೆಂಚ್ ಪ್ರಭುತ್ವದ ಬೆನ್ನುಮೂಳೆ ಮುರಿಯಿತು. ಪ್ಯಾರಿಸಿನ ಬೊಕ್ಕಸದ ಬರಿದುತನ ಎಷ್ಟು ದೂರದವರೆಗೆ ಕೇಳಿಸುತ್ತಿತ್ತೆಂಬುದಕ್ಕೆ ಇದೊಂದು ನಿದರ್ಶನ. ಆ ದಂಗೆಯ ತಿಂಗಳಿನಲ್ಲಿಯೇ ಸಿಲೂಯೆಟ್ಟನು ಅತ್ತ ಪ್ಯಾರಿಸಿನಲ್ಲಿ ತನ್ನ ಬದುಕಿನ ಅತ್ಯಂತ ಕಠಿಣವಾದ ಆಜ್ಞೆಗಳನ್ನು ಹೊರಡಿಸಿದನು. ಸರಕಾರದ ಹುಂಡಿಗಳ ಪಾವತಿ ನಿಂತಿತು. ಸಾಲದ ಅಸಲನ್ನು ಹಿಂದಿರುಗಿಸುವುದನ್ನು ಮುಂದೂಡಲಾಯಿತು. ಮಾತು ಯಾವುದಾದರೇನು, ರಾಜ್ಯ ದಿವಾಳಿಯೆದ್ದಿತು ಎಂದೇ ಜನ ತಿಳಿದರು. ಇಲ್ಲಿ ಆತನ ತಪ್ಪನ್ನು ಮರೆಮಾಚುವಂತಿಲ್ಲ. ಆ ಹುಂಡಿಗಳನ್ನು ನಂಬಿದ್ದವರು ಇಜಾರೆದಾರರಷ್ಟೇ ಅಲ್ಲ. ಸಣ್ಣ ವರ್ತಕರೂ ಬಡ್ಡಿಯ ಮೇಲೆ ಜೀವನ ಸಾಗಿಸುವ ಸಾಮಾನ್ಯರೂ ಇದ್ದರು. ಬಡವರ ಭಾರ ಇಳಿಸಲು ಹೊರಟವನ ಕೈಯಿಂದಲೇ ಅವರಿಗೂ ಪೆಟ್ಟು ಬಿದ್ದಿತು.

ಇನ್ನೊಂದು ಉಪಾಯವನ್ನು ಜನ ಬಹುಕಾಲ ಮರೆಯಲಿಲ್ಲ. ಶ್ರೀಮಂತರು ತಮ್ಮ ಮನೆಗಳಲ್ಲಿದ್ದ ಬೆಳ್ಳಿಬಂಗಾರದ ತಟ್ಟೆ, ಬಟ್ಟಲು, ದೀಪದ ಕಂಬಗಳನ್ನು ಟಂಕಸಾಲೆಗೆ ಒಪ್ಪಿಸಬೇಕು. ಅವನ್ನು ಕರಗಿಸಿ ನಾಣ್ಯ ಹೊಡೆಯಬೇಕು. ಅರಸನೂ ತನ್ನ ಭೋಜನದ ಪಾತ್ರೆಗಳನ್ನು ಕಳುಹಿಸಿಕೊಟ್ಟು ಮೇಲ್ಪಂಕ್ತಿ ಹಾಕಿದನು. ಸಂಬಂಧಿಕರು ನಾಲ್ಕು ಜನ ಬಂದಾಗ ಹೊರಗೆ ತೆಗೆಯುವ ಬೆಳ್ಳಿಯ ಲೋಟವನ್ನು ಸರಕಾರ ಕೇಳಿದರೆ ಮನೆಯವರ ಮುಖ ಹೇಗಾಗುತ್ತದೆಂಬುದನ್ನು ವಿವರಿಸಬೇಕಾಗಿಲ್ಲ. ಉತ್ತಮರಲ್ಲಿ ಕೆಲವರು ಕೊಟ್ಟರು, ಹಲವರು ಬಚ್ಚಿಟ್ಟರು, ಎಲ್ಲರೂ ನಕ್ಕರು. ವಾಲ್ಟೇರನ ಹೊಗಳಿಕೆಯೂ ಅಷ್ಟರಲ್ಲಿ ಪರಿಹಾಸ್ಯಕ್ಕೆ ತಿರುಗಿತ್ತು. ನವೆಂಬರ್ ತಿಂಗಳಿನಲ್ಲಿ ಸಿಲೂಯೆಟ್ಟನು ಅಧಿಕಾರದಿಂದ ಇಳಿದನು. ಬರ್ತ್ಯಾಂ ಎಂಬಾತನು ಆ ಸ್ಥಾನಕ್ಕೆ ಬಂದನು.

ಅರಮನೆಯಿಂದ ಮಂತ್ರಿ ಹೊರಟುಹೋದರೂ ಬೀದಿಯಿಂದ ಆತನ ಹೆಸರು ಹೋಗಲಿಲ್ಲ. ಆ ವರ್ಷ ಪ್ಯಾರಿಸಿನಲ್ಲಿ ಕಿಸೆಯಿಲ್ಲದ ಚಡ್ಡಿಗಳು ಬಂದವು. ಮಂತ್ರಿ ಎಲ್ಲವನ್ನೂ ಬಾಚಿಕೊಂಡ ಮೇಲೆ ಕಿಸೆ ಏತಕ್ಕೆ ಎಂಬುದು ಅದರ ಕುಹಕ. ಅವಕ್ಕೆ ಸಿಲೂಯೆಟ್ ಮಾದರಿಯ ಚಡ್ಡಿಗಳೆಂದು ಹೆಸರಾಯಿತು. ನೆರಿಗೆಯಿಲ್ಲದ ಅಂಗಿ, ಹೊಳಪಿಲ್ಲದ ಕಟ್ಟಿಗೆಯ ನಶ್ಯದ ಡಬ್ಬಿ, ಹೀಗೆ ಅಗ್ಗವಾದುದು, ಬರಡಾದುದು, ಅರೆಬರೆಯಾದುದು ಯಾವುದಿದ್ದರೂ ಅದು ಸಿಲೂಯೆಟ್ ಮಾದರಿಯದೇ. ಪ್ಯಾರಿಸಿನ ಜನಜೀವನವನ್ನು ಚಿತ್ರಿಸಿದ ಲೇಖಕ ಮರ್ಸಿಯೆಯು ಸುಮಾರು ಇಪ್ಪತ್ತು ವರ್ಷಗಳ ತರುವಾಯ ಈ ಹುಚ್ಚನ್ನು ನೆನೆದು ಬರೆದಿದ್ದಾನೆ. ಆ ಪಟ್ಟಿಯಲ್ಲಿ ಅವನು ಸೇರಿಸಿದ ಒಂದು ವಸ್ತು ಮುಖ್ಯವಾದುದು. ಮೋಂಬತ್ತಿಯ ಬೆಳಕಿನಲ್ಲಿ ಕಾಗದದ ಮೇಲೆ ಬಿದ್ದ ಮುಖದ ನೆರಳನ್ನು ಗೆರೆಯೆಳೆದು ಕಪ್ಪಾಗಿಸಿದ ಚಿತ್ರವೇ ಅದು.

ಅಂಥ ಚಿತ್ರ ಹೊಸದೇನೂ ಆಗಿರಲಿಲ್ಲ. ದೂರ ಹೊರಟ ಪ್ರಿಯಕರನ ನೆರಳನ್ನು ದೀಪದ ಬೆಳಕಿನಲ್ಲಿ ಗೋಡೆಯ ಮೇಲೆ ಗೆರೆಯೆಳೆದು ಉಳಿಸಿಕೊಂಡ ಗ್ರೀಕ್ ಕುಂಬಾರನ ಮಗಳ ಕಥೆಯನ್ನು ರೋಮಿನ ಪ್ಲಿನಿಯು ಒಂದನೆಯ ಶತಮಾನದಲ್ಲಿಯೇ ಹೇಳಿದ್ದಾನೆ. ಫ್ರಾನ್ಸಿನಲ್ಲಿಯೂ ಈ ವಿನೋದ ಸಿಲೂಯೆಟ್ಟನಿಗಿಂತ ಮುಂಚಿನದು. ಹೊಸದಾಗಿದ್ದುದು ಹೆಸರು ಮಾತ್ರ. ವರ್ಣಚಿತ್ರಕಾರನಿಗೆ ಕೊಡಲು ಹಣವಿಲ್ಲದವನ ಭಾವಚಿತ್ರ ಇದು. ಬಣ್ಣವಿಲ್ಲ, ಕಣ್ಣಿಲ್ಲ, ಇರುವುದು ಗೆರೆಯೊಂದೇ. ಆದುದರಿಂದ ಮಂತ್ರಿಯ ಜಿಪುಣತನಕ್ಕೆ ಅದು ಒಪ್ಪುವ ಗುರುತಾಯಿತು. ಬಂದಷ್ಟೇ ಬೇಗ ಮಾಯವಾದ ಆತನ ಅಧಿಕಾರವೂ ನೆರಳಿನಂತಿತ್ತೆಂದು ಹೇಳಿದವರುಂಟು. ಆತನೇ ಬಿಡುವಿನ ವೇಳೆಯಲ್ಲಿ ಇಂಥ ಚಿತ್ರಗಳನ್ನು ಬರೆದು ಮನೆಯ ಗೋಡೆಗಳನ್ನು ಸಿಂಗರಿಸಿದ್ದನೆಂಬ ಮಾತೂ ಪ್ರಚಾರದಲ್ಲಿದೆ. ಇವುಗಳಲ್ಲಿ ಅಗ್ಗತನದ ವಿವರಣೆಯೇ ಮರ್ಸಿಯೆಯ ಸಾಕ್ಷ್ಯಕ್ಕೆ ಹತ್ತಿರವಾದುದು.

ಪದವಿಯಿಂದ ಇಳಿದ ಸಿಲೂಯೆಟ್ಟನು ಪ್ಯಾರಿಸಿನ ಪೂರ್ವಕ್ಕೆ ಮಾರ್ನ್ ನದಿಯ ದಂಡೆಯ ಮೇಲಿರುವ ಬ್ರಿ ಎಂಬ ಊರಿನ ತನ್ನ ಬಂಗಲೆಯನ್ನು ಸೇರಿದನು. ಅಲ್ಲಿ ಏಳು ವರ್ಷಗಳನ್ನು ಕಳೆದು 1767ರ ಜನವರಿ 20ರಂದು, ಐವತ್ತೇಳನೆಯ ವಯಸ್ಸಿನಲ್ಲಿ ತೀರಿಕೊಂಡನು. ಮುಂದೆ ತುರ್ಗೋ ಮೊದಲಾದ ಮಂತ್ರಿಗಳೂ ಉಳ್ಳವರಿಂದ ಕರ ಪಡೆಯಲು ಯತ್ನಿಸಿ ಇಂಥದೇ ಪ್ರತಿರೋಧವನ್ನು ಎದುರಿಸಿ ಪದವಿ ಕಳೆದುಕೊಂಡರು. ತೆರಿಗೆಯ ಪ್ರಶ್ನೆ ಬಗೆಹರಿಯದೆ 1789ರಲ್ಲಿ ಅರಸನು ರಾಷ್ಟ್ರದ ಪ್ರತಿನಿಧಿಗಳ ಸಭೆಯನ್ನು ಕರೆಯಲೇಬೇಕಾಯಿತು. ಆ ಸಭೆಯಿಂದಲೇ ಫ್ರಾನ್ಸಿನ ಮಹಾಕ್ರಾಂತಿ ಹೊರಟಿತು. ಮೂವತ್ತು ವರ್ಷಗಳ ಹಿಂದೆ ಬೆಳ್ಳಿಯ ತಟ್ಟೆ ಕೊಡಲು ನಕ್ಕವರ ಮಕ್ಕಳು ಆಗ ಕೊಡಬೇಕಾಗಿ ಬಂದುದು ತಟ್ಟೆಯನ್ನಷ್ಟೇ ಅಲ್ಲ. ಸಿಲೂಯೆಟ್ಟನಲ್ಲಿ ಅವಸರವಿತ್ತು, ಜನರ ಮನಸ್ಸನ್ನು ಒಲಿಸಿಕೊಳ್ಳುವ ಜಾಣ್ಮೆ ಸಾಲದಾಗಿತ್ತು. ಆದರೆ ಭಾರ ಯಾರ ಮೇಲೆ ಬೀಳಬೇಕೆಂಬ ವಿಷಯದಲ್ಲಿ ಆತನ ಲೆಕ್ಕ ತಪ್ಪಾಗಿರಲಿಲ್ಲ.

ಇತ್ತ ನೆರಳಿನ ಚಿತ್ರಗಳು ತಮ್ಮಷ್ಟಕ್ಕೆ ಬೆಳೆದವು. ಜೂರಿಕ್ ನಗರದ ಧರ್ಮಗುರು ಲಾವಾಟರನು ಮುಖದ ಗೆರೆಯಿಂದ ಮನುಷ್ಯನ ಸ್ವಭಾವವನ್ನು ತಿಳಿಯಬಹುದೆಂದು ನಂಬಿ, 1775ರಿಂದ ಪ್ರಕಟಿಸಿದ ತನ್ನ ದೊಡ್ಡ ಗ್ರಂಥದಲ್ಲಿ ಇಂಥ ಚಿತ್ರಗಳನ್ನು ನೂರಾರು ಸಂಖ್ಯೆಯಲ್ಲಿ ಬಳಸಿದನು. ಜರ್ಮನ್ ಮಹಾಕವಿ ಗಯಟೆಯೂ ಅವನಿಗೆ ನೆರವಾದನು. ಮುಖದಿಂದ ಗುಣ ತಿಳಿಯುವ ಆ ಶಾಸ್ತ್ರ ನಿಲ್ಲಲಿಲ್ಲ; ಆದರೆ ನೆರಳು ಹಿಡಿಯಲು ಅವನು ತೋರಿಸಿಕೊಟ್ಟ ಕುರ್ಚಿ ಯೂರೋಪಿನ ತುಂಬ ಹರಡಿತು. ಕುರ್ಚಿಯ ಒಂದು ಪಕ್ಕದಲ್ಲಿ ಎಣ್ಣೆ ಹಚ್ಚಿದ ತೆಳುಕಾಗದದ ಚೌಕಟ್ಟು. ಇನ್ನೊಂದು ಪಕ್ಕದಲ್ಲಿ ಮೋಂಬತ್ತಿ. ನಡುವೆ ಅಲುಗಾಡದೆ ಕುಳಿತ ಮನುಷ್ಯ. ಚೌಕಟ್ಟಿನ ಆಚೆ ನಿಂತವನು ಕಾಗದದ ಮೇಲೆ ಮೂಡಿದ ನೆರಳಿನ ಅಂಚನ್ನು ಗೆರೆಯಲ್ಲಿ ಹಿಡಿಯುತ್ತಿದ್ದನು. ಇಂಗ್ಲೆಂಡಿನಲ್ಲಿ ಬಹುಕಾಲ ಇವನ್ನು ನೆರಳುಗಳೆಂದೇ ಕರೆಯುತ್ತಿದ್ದರು. ಅಲ್ಲಿ ಸಿಲೂಯೆಟ್ ಎಂಬ ಹೆಸರನ್ನು ರೂಢಿಗೆ ತಂದವರಲ್ಲಿ ಮುಖ್ಯನು ಆಗಸ್ಟ್ ಎಡುಆರ್ (1789-1861) ಎಂಬ ಫ್ರೆಂಚ್ ಕಲಾವಿದ. ಅವನಿಗೆ ಮೋಂಬತ್ತಿಯೂ ಬೇಡ, ಕುರ್ಚಿಯೂ ಬೇಡ. ಎದುರಿಗೆ ನಿಂತವರನ್ನು ಕಣ್ಣಿನಲ್ಲಿಯೇ ಅಳೆದು ಕಪ್ಪು ಕಾಗದವನ್ನು ಕತ್ತರಿಯಿಂದ ಕತ್ತರಿಸಿ ಆಕಾರ ತೆಗೆಯುತ್ತಿದ್ದನು. ಪ್ರತಿಯೊಂದರ ನಕಲನ್ನೂ ಹೆಸರು, ತಾರೀಖುಗಳೊಡನೆ ಪುಸ್ತಕಗಳಲ್ಲಿ ಅಂಟಿಸಿ ಇಡುತ್ತಿದ್ದನು. ಅಮೆರಿಕದಿಂದ ಹಿಂದಿರುಗುವಾಗ 1849ರ ಡಿಸೆಂಬರಿನಲ್ಲಿ ಗರ್ನ್ಸಿ ದ್ವೀಪದ ಬಳಿ ಅವನ ಹಡಗು ಒಡೆಯಿತು. ಜೀವ ಉಳಿಯಿತು, ಪುಸ್ತಕಗಳಲ್ಲಿ ಬಹುಪಾಲು ಕಡಲಿನ ಪಾಲಾದವು. ಅಂದಿನಿಂದ ಅವನು ಆ ಕಸುಬಿಗೆ ಮರಳಲಿಲ್ಲ.

1835ರ ಹೊತ್ತಿಗೆ ಫ್ರೆಂಚ್ ಅಕಾಡೆಮಿಯ ನಿಘಂಟಿನಲ್ಲಿಯೇ ಈ ಪದಕ್ಕೆ ಸ್ಥಾನ ದೊರೆತಿತ್ತು. ಆ ವೇಳೆಗೆ ಅದರಲ್ಲಿ ಮಂತ್ರಿಯೂ ಇರಲಿಲ್ಲ, ಜಿಪುಣತನವೂ ಇರಲಿಲ್ಲ. ಬರಬರುತ್ತ ಅರ್ಥ ಇನ್ನೂ ವಿಸ್ತಾರವಾಯಿತು. ಬೆಳಕಿಗೆ ಬೆನ್ನು ಮಾಡಿ ನಿಂತ ಬೆಟ್ಟ, ಗೋಪುರ, ಮರಗಳಿಗೂ, ಉಡುಪಿನ ಹೊರಮಾಟಕ್ಕೂ ಅದೇ ಪದ ಸಂದಿತು. ಶಾಲೆಯ ಹತ್ತಿರದ ರಸ್ತೆಯ ಬದಿಯ ಫಲಕದಲ್ಲಿ ಕೈಹಿಡಿದು ಓಡುವ ಎರಡು ಮಕ್ಕಳ ಕಪ್ಪು ಆಕಾರವನ್ನು ಓದಲು ಬಾರದ ಚಾಲಕನೂ ತಿಳಿಯುತ್ತಾನೆ, ಅದೂ ಸಿಲೂಯೆಟ್ಟೇ. ಕರ್ನಾಟಕದ ತೊಗಲುಗೊಂಬೆಯಾಟವನ್ನು ಮಾತ್ರ ಈ ಮಾತಿನಿಂದ ಕರೆಯುವುದು ಸರಿಯಾಗದು. ಅಲ್ಲಿಯೂ ಪರದೆ, ದೀಪ, ನೆರಳುಗಳುಂಟು. ಆದರೆ ಹದಮಾಡಿದ ತೊಗಲು ಬೆಳಕನ್ನು ತನ್ನೊಳಗೆ ಹಾಯಗೊಡುವುದರಿಂದ ಪರದೆಯ ಮೇಲೆ ಮೂಡುವ ನೆರಳಿಗೆ ಕೆಂಪು, ಹಸುರು ಬಣ್ಣಗಳಿರುತ್ತವೆ, ರಾವಣನ ಹತ್ತು ತಲೆಗಳ ಕಣ್ಣುಗಳೂ ಕಾಣುತ್ತವೆ. ಹೆಸರಿನ ವಿಚಾರದಲ್ಲಿ ಒಂದು ಹೋಲಿಕೆಯುಂಟು. ಆಟದಲ್ಲಿ ಬಂದು ನಗಿಸುವ ಕಿಳ್ಳೇಕ್ಯಾತನೆಂಬ ಗೊಂಬೆಯ ಹೆಸರೇ ಅದನ್ನು ಆಡಿಸುವ ಜನಕ್ಕೂ ನಿಂತುಬಿಟ್ಟಿದೆ.

ಕನ್ನಡದಲ್ಲಿ ಸಿಲೂಯೆಟ್ಟಿಗೆ ಸರಿಯಾದ ಮಾತು ಹುಡುಕಿದರೆ ಒಂದು ಸ್ವಾರಸ್ಯ ಎದುರಾಗುತ್ತದೆ. ಛಾಯೆಯೆಂದರೆ ನೆರಳು, ಆದ್ದರಿಂದ ಛಾಯಾಚಿತ್ರವೆಂಬುದು ಒಪ್ಪುವ ಮಾತಾಗಬೇಕಿತ್ತು. ಅದನ್ನು ಕನ್ನಡಿಗರು ಕ್ಯಾಮೆರಾ ತೆಗೆಯುವ ಚಿತ್ರಕ್ಕೆ ಕೊಟ್ಟುಬಿಟ್ಟಿದ್ದಾರೆ. ಹೀಗಾಗಿ ಕೆಲವರು ಛಾಯಾಕೃತಿ ಎನ್ನುತ್ತಾರೆ, ಕೆಲವರು ನೆರಳುಚಿತ್ರ ಎನ್ನುತ್ತಾರೆ, ಸಿನಿಮಾದವರು ಸಿಲೂಯೆಟ್ ಎಂದೇ ಹೇಳುತ್ತಾರೆ. ಯೂರೋಪಿನಲ್ಲಿ ನೆರಳುಚಿತ್ರದ ಕಸುಬನ್ನು ಹಿಂದಕ್ಕೆ ತಳ್ಳಿದುದೂ ಕ್ಯಾಮೆರಾವೇ. 1839ರಲ್ಲಿ ಪ್ಯಾರಿಸಿನಲ್ಲಿ ಪ್ರಕಟವಾದ ಡಾಗೇರನ ವಿಧಾನದಿಂದ ಕಣ್ಣು, ರೆಪ್ಪೆ, ಗಲ್ಲದ ಸುಕ್ಕುಗಳೆಲ್ಲ ತಗಡಿನ ಮೇಲೆ ಮೂಡತೊಡಗಿದಾಗ ಬರಿಯ ಗೆರೆಯ ಮುಖ ಯಾರಿಗೆ ಬೇಕು? ಆ ಡಾಗೇರನು ಕೊನೆಗಾಲದಲ್ಲಿ ಬಂದು ನೆಲೆಸಿದುದು ಮಾರ್ನ್ ದಂಡೆಯ ಬ್ರಿ ಊರಿನಲ್ಲಿಯೇ. 1851ರಲ್ಲಿ ಅವನು ತೀರಿಕೊಂಡುದೂ, ಅವನನ್ನು ಮಣ್ಣುಮಾಡಿದುದೂ ಅಲ್ಲಿಯೇ.

ಮಂತ್ರಿಯ ಹೆಸರು ಇನ್ನೊಂದು ಕಡೆಯೂ ಉಳಿದಿದೆ. ಹಿಂದೂ ಮಹಾಸಾಗರದ ಸೆಶೆಲ್ಸ್ ದ್ವೀಪಗಳಿಗೆ ಆ ಹೆಸರು ಬಂದುದು ಮೊರೋ ದ ಸೆಶೆಲ್ ಎಂಬ ಫ್ರಾನ್ಸಿನ ಹಣಕಾಸಿನ ಮಂತ್ರಿಯಿಂದ. ಅವುಗಳಲ್ಲಿ ಮೂರನೆಯ ದೊಡ್ಡ ದ್ವೀಪಕ್ಕೆ ಸಿಲೂಯೆಟ್ಟನ ಹೆಸರಿದೆ. ಕಾಡು ತುಂಬಿದ ಆ ದ್ವೀಪದ ಶಿಖರ ಕಡಲಿನಿಂದ 700 ಮೀಟರುಗಳಿಗೂ ಮೇಲೆ ಏರಿ ನಿಂತಿದೆ. ಎದುರಿನ ಮಾಹೆ ದ್ವೀಪದ ಮರಳಿನ ಮೇಲೆ ಸಂಜೆ ಕುಳಿತವರಿಗೆ, ಸೂರ್ಯನು ಇಳಿಯುವ ದಿಕ್ಕಿನಲ್ಲಿ ಅದು ಕಪ್ಪು ಆಕಾರವಾಗಿ ಕಾಣುತ್ತದೆ. ನೋಡಿದವರಲ್ಲಿ ಹೆಚ್ಚಿನವರು, ಹಾಗೆ ಕಾಣುವುದರಿಂದಲೇ ಅದಕ್ಕೆ ಆ ಹೆಸರು ಬಂದಿರಬೇಕೆಂದು ತಿಳಿಯುತ್ತಾರೆ.